ರೀಲಾ, ಡಿಜಿಟಲ್ಲಾ? ಒಂದೇ ಲೆನ್ಸಿನಲ್ಲಿ 14 ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟ ಫಿಲ್ಮ್. ಆದರೆ ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. 14 ತಿಂಗಳು ಎರಡು ಕ್ಯಾಮೆರಾಗಳನ್ನೂ ಒಂದೇ ಬ್ಯಾಗಿನಲ್ಲಿ ಹೊತ್ತು ತಿರುಗಿದ್ದೇನೆ.

ಒಂದು ಫುಲ್‌ಫ್ರೇಮ್ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಡಿಜಿಟಲ್ ಕ್ಯಾಮೆರಾ. ಎರಡು ವರ್ಷ ದುಡ್ಡು ಕೂಡಿಟ್ಟು ಹೊಸದಾಗಿ ಕೊಂಡಿದ್ದು. ಇನ್ನೊಂದು 1970ರ ದಶಕದ ಕೊನೆಯಲ್ಲಿ ತಯಾರಾದ ಮ್ಯಾನುಯಲ್ ಎಸ್‌ಎಲ್‌ಆರ್, ಅಂದರೆ ಒಳಗಿನ ಕನ್ನಡಿಯ ಮೂಲಕ ಲೆನ್ಸಿನಿಂದಲೇ ನೋಡಿ ತೆಗೆಯುವ ಫಿಲ್ಮ್ ಕ್ಯಾಮೆರಾ, ಸೆಕೆಂಡ್ ಹ್ಯಾಂಡ್. ಇದರ ಜೊತೆ ಬಂದ 50 ಎಂಎಂ ಲೆನ್ಸನ್ನೇ ಅಡಾಪ್ಟರ್ ಹಾಕಿ ಮಿರರ್‌ಲೆಸ್‌ಗೂ ಬಳಸಿದೆ. ಫಿಲ್ಮಿನ ಒಂದು ಫ್ರೇಮ್ 24×36 ಎಂಎಂ, ಮಿರರ್‌ಲೆಸ್‌ನಲ್ಲಿ ಬೆಳಕು ಹಿಡಿಯುವ ಸೆನ್ಸರ್ ಕೂಡ ಅಷ್ಟೇ ಅಳತೆ. ಹಾಗಾಗಿ "ಲೆನ್ಸ್ ಚೆನ್ನಾಗಿತ್ತು, ಅದಕ್ಕೇ ಫೋಟೋ ಚೆನ್ನಾಗಿ ಬಂತು" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಲೆನ್ಸಿನ ಹಿಂದೆ ಇರುವುದು ಮಾತ್ರ ಬೇರೆ. ಮೆಗಾಪಿಕ್ಸೆಲ್ ಲೆಕ್ಕ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡುತ್ತೇನೆ.

ಅಜ್ಜಿಯಿಂದಲೇ ಶುರು ಮಾಡುತ್ತೇನೆ. ನಾನು ಅತಿ ಜಾಸ್ತಿ ಫೋಟೋ ತೆಗೆದಿರುವುದು ಅವಳದ್ದೇ.

ಮಿರರ್‌ಲೆಸ್ ಹಿಡಿದು ಕೂತರೆ, ಕ್ಲಿಕ್ ಅಂದ ಕೂಡಲೇ ಅಜ್ಜಿ ಕೈ ಚಾಚುತ್ತಾಳೆ. "ಎಲ್ಲಿ, ತೋರ್ಸು." ತೋರಿಸಿದರೆ, "ಅಯ್ಯೋ, ಮುಖ ನೋಡು ಹೇಗಿದೆ. ಅದನ್ನ ತೆಗ್ದಾಕು, ಇನ್ನೊಂದು ತೆಗಿ." ಆಮೇಲೆ ಸೆರಗು ಸರಿಮಾಡಿಕೊಂಡು, ಕತ್ತು ನೆಟ್ಟಗೆ ಮಾಡಿಕೊಂಡು ಕೂರುತ್ತಾಳೆ. ಮುಂದಿನ ಎಲ್ಲ ಫೋಟೋಗಳಲ್ಲೂ ಅದೇ ಕತ್ತು. ಕೊನೆಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದು ಬಿಟ್ಟು ಆ ಚಿಕ್ಕ ಪರದೆ ನೋಡುತ್ತಾ ಕೂತಿರುತ್ತೇವೆ.

ಫಿಲ್ಮ್ ಕ್ಯಾಮೆರಾದಲ್ಲಿ ಮೊದಲ ಸಲ ತೆಗೆದಾಗಲೂ ಕೈ ಚಾಚಿದಳು. "ಇದ್ರಲ್ಲಿ ಕಾಣಲ್ಲ ಅಜ್ಜಿ, ರೀಲು ತೊಳೆಸ್ಬೇಕು" ಅಂದೆ. "ಓ, ಹಳೇ ತರದ್ದಾ" ಅಂದಳು, ಅಷ್ಟೇ. ಮತ್ತೆ ಹೊಲಿಗೆ ಹಿಡಿದು ಕೂತಳು. ಫೋಟೋ ಅಂದರೆ ಕಾಯುವುದು ಅಂತ ಅವಳಿಗೆ ಮೊದಲಿಂದ ಗೊತ್ತು. ನಾನು ಇದ್ದೇನೆ ಅನ್ನುವುದನ್ನೇ ಐದು ನಿಮಿಷದಲ್ಲಿ ಮರೆತಳು. ಒಂದು ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು ಸೂಜಿಗೆ ದಾರ ಪೋಣಿಸುತ್ತಿರುವ ಫೋಟೋ ಸಿಕ್ಕಿತು. ಅವಳು ನಿಜವಾಗಿ ಇರುವುದೇ ಹಾಗೆ. ಡಿಜಿಟಲ್‌ನಲ್ಲಿ ಅಂಥದ್ದು ಒಂದೂ ನನ್ನ ಹತ್ತಿರ ಇಲ್ಲ.

ಹಾಗಾದರೆ ಪರದೆ ಮುಚ್ಚಿದರೆ ಆಯಿತಲ್ಲ ಅನ್ನಿಸಿತು. ಹತ್ತು ದಿನ ಮಿರರ್‌ಲೆಸ್‌ನ ಹಿಂದಿನ ಪರದೆಗೆ ಕಪ್ಪು ಟೇಪ್ ಅಂಟಿಸಿ, ವ್ಯೂಫೈಂಡರ್‌ನಲ್ಲೇ ನೋಡಿ ತೆಗೆದೆ. ಅಜ್ಜಿ ಕೈ ಚಾಚುವುದು ನಿಂತಿತು, ನಿಜ. ನಾನು ಮಾತ್ರ ಬದಲಾಗಲಿಲ್ಲ. ಇರಲಿ ಅಂತ ಪ್ರತಿಯೊಂದಕ್ಕೂ ನಾಲ್ಕು ಕ್ಲಿಕ್. ಕಾರ್ಡ್ ತುಂಬುವುದಿಲ್ಲ, ಹಣ ಹೋಗುವುದಿಲ್ಲ ಅಂತ ಬೆರಳಿಗೆ ಗೊತ್ತಿರುತ್ತದೆ. ಎಷ್ಟು ಟೇಪ್ ಅಂಟಿಸಿದರೂ ಅದನ್ನು ಬೆರಳಿನಿಂದ ಮರೆಸಲು ಆಗಲಿಲ್ಲ. ರೀಲಿನಲ್ಲಿ 36 ಇದೆ ಅಂದರೆ 36. ಎರಡನೇ ಸಲ ಒತ್ತುವ ಮುಂಚೆ, ಮೊದಲನೆಯದರಲ್ಲಿ ಏನು ಕಡಿಮೆಯಾಗಿತ್ತು ಅಂತ ಮನಸ್ಸು ಕೇಳಿಯೇ ಕೇಳುತ್ತದೆ.

ನನ್ನ ಲೆಕ್ಕ ಹೀಗಿದೆ. 14 ತಿಂಗಳಲ್ಲಿ 14 ರೀಲು, ಅಂದರೆ 504 ಫ್ರೇಮ್. ಅದರಲ್ಲಿ 61 ಪ್ರಿಂಟ್ ಹಾಕಿಸಿದೆ. ಅಷ್ಟೇ ದಿನಗಳಲ್ಲಿ ಡಿಜಿಟಲ್‌ನಲ್ಲಿ 9,000ಕ್ಕೂ ಜಾಸ್ತಿ ಫೋಟೋ. ಪ್ರಿಂಟ್ ಹಾಕಿಸಿದ್ದು 12. ಉಳಿದವುಗಳಲ್ಲಿ ಮುಕ್ಕಾಲು ಪಾಲನ್ನು ಎರಡನೇ ಸಲ ತೆರೆದೂ ನೋಡಿಲ್ಲ.

ಇನ್ನು ಫಿಲ್ಮ್ ನನ್ನನ್ನು ತುಂಬಾ ಕಾಡಿಸಿದ ವಿಷಯ. ಹಳೇ ಕ್ಯಾಮೆರಾ ಕೊಳ್ಳಬೇಕು ಅಂತಿದ್ದರೆ ಉಳಿದದ್ದನ್ನು ಬಿಟ್ಟರೂ ಇದನ್ನು ಮಾತ್ರ ಓದಿ.

ಮೊದಲ ರೀಲಿನಲ್ಲಿ ತಂಗಿ ಹೊಸ ಕೆಲಸಕ್ಕೆ ಬೇರೆ ಊರಿಗೆ ಹೊರಟ ಬೆಳಗಿನ ಫೋಟೋಗಳಿದ್ದವು. ಲ್ಯಾಬಿನಿಂದ ಬಂದ ಸ್ಕ್ಯಾನ್ ತೆರೆದರೆ, ಅರ್ಧಕ್ಕಿಂತ ಜಾಸ್ತಿ ಫೋಟೋಗಳ ಮೇಲಂಚಿನಿಂದ ಕಿತ್ತಳೆ ಬಣ್ಣದ ಪಟ್ಟೆ ಇಳಿದಿತ್ತು. ಬಾಗಿಲ ಹತ್ತಿರ ನಿಂತು ಅವಳು ತಿರುಗಿ ನೋಡಿದ್ದಳಲ್ಲ, ಆ ಒಂದು ಫೋಟೋದಲ್ಲಿ ಪಟ್ಟೆ ಸರಿಯಾಗಿ ಅವಳ ಹಣೆಯ ಮೇಲೆ. ಆ ಬೆಳಗ್ಗೆ ಮಿರರ್‌ಲೆಸ್ ಬ್ಯಾಗಿನಲ್ಲೇ ಇತ್ತು. ತೆಗೆದಿರಲಿಲ್ಲ. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. "ಅದೇ ಫಿಲ್ಮ್ ಲುಕ್, ಚೆನ್ನಾಗಿದೆ ಅಲ್ವಾ?" ಅಂತ ಗೆಳೆಯನೊಬ್ಬ ಸಮಾಧಾನ ಮಾಡಿದ. ನನಗೆ ಬೇಕಾಗಿದ್ದು ಲುಕ್ ಅಲ್ಲ, ತಂಗಿಯ ಮುಖ.

ಲ್ಯಾಬಿನವರೇ ಹಾಳು ಮಾಡಿದರು ಅಂದುಕೊಂಡೆ. ಬೇರೆ ಕಂಪನಿಯ ರೀಲು ಹಾಕಿ, ಬೇರೆ ಲ್ಯಾಬಿಗೆ ಕೊಟ್ಟೆ. ಅದೇ ಪಟ್ಟೆ, ಅದೇ ಜಾಗ. ಆಮೇಲೆ ನೆಗೆಟಿವ್‌ಗಳನ್ನು, ಅಂದರೆ ತೊಳೆದ ಫಿಲ್ಮನ್ನು, ಬೆಳಕಿಗೆ ಹಿಡಿದು ಕೂತು ನೋಡಿದಾಗ ಒಂದೊಂದೇ ಅರ್ಥವಾಗುತ್ತಾ ಬಂತು.

ಪಟ್ಟೆ ಬಿಳಿಯಲ್ಲ, ಕಿತ್ತಳೆ. ಕಲರ್ ನೆಗೆಟಿವ್‌ನಲ್ಲಿ ನೀಲಿ ಬೆಳಕಿಗೆ ಸ್ಪಂದಿಸುವ ಪದರ ಎಲ್ಲಕ್ಕಿಂತ ಮೇಲೆ, ಲೆನ್ಸಿನ ಕಡೆಗೆ ಇರುತ್ತದೆ. ಕೆಂಪಿನದ್ದು ಎಲ್ಲಕ್ಕಿಂತ ಕೆಳಗೆ. ಬೆಳಕು ಫಿಲ್ಮಿನ ಬೆನ್ನಿನ ಕಡೆಯಿಂದ ನುಗ್ಗಿದರೆ ಮೊದಲು ತಾಗುವುದು ಆ ಕೆಂಪಿನ ಪದರಕ್ಕೆ, ಅದಕ್ಕೇ ಪಟ್ಟೆ ಕಿತ್ತಳೆ. ಅಂದರೆ ಸೋರುತ್ತಿರುವುದು ಲೆನ್ಸಿನ ಕಡೆಯಿಂದಲ್ಲ, ಹಿಂದಿನ ಬಾಗಿಲಿನಿಂದ. ಇನ್ನು, ಲೆನ್ಸ್ ಚಿತ್ರವನ್ನು ಫಿಲ್ಮಿನ ಮೇಲೆ ತಲೆಕೆಳಗಾಗಿ ಬೀಳಿಸುತ್ತದೆ. ಹಾಗಾಗಿ ಫೋಟೋದ ಮೇಲಂಚಿನಲ್ಲಿ ಕಾಣುವ ಪಟ್ಟೆ ಬಂದಿರುವುದು ಕ್ಯಾಮೆರಾದ ಕೆಳಗಿನ ಅಂಚಿನಿಂದ. ಎಲ್ಲ ಫ್ರೇಮಿನಲ್ಲೂ ಪಟ್ಟೆ ಒಂದೇ ಸಮ ಇರಲಿಲ್ಲ ಕೂಡ. ಒಂದರ ಹಿಂದೆ ಒಂದು ಬೇಗ ಬೇಗ ತೆಗೆದ ಫ್ರೇಮ್‌ಗಳು ಹೆಚ್ಚುಕಮ್ಮಿ ಚೆನ್ನಾಗಿದ್ದವು. ತಂಗಿಯ ಆ ಫೋಟೋ ತೆಗೆದ ಮೇಲೆ ಕ್ಯಾಮೆರಾ ಐದು ದಿನ ಕಿಟಕಿ ಪಕ್ಕ ಸುಮ್ಮನೆ ಕೂತಿತ್ತು. ನಿಧಾನವಾಗಿ ತೆಗೆಯುವವರಿಗೇ ಈ ತೊಂದರೆ ಜಾಸ್ತಿ ಅನ್ನುವುದು ನನಗೆ ತುಂಬಾ ಬೇಜಾರು ತಂದ ಸಂಗತಿ. ನಾನು ಫಿಲ್ಮಿಗೆ ಬಂದದ್ದೇ ನಿಧಾನವಾಗಿ ತೆಗೆಯಲು.

ಬಾಗಿಲು ತೆರೆದು ಬೆರಳಿಟ್ಟರೆ ಕಾರಣ ಕೈಗೇ ಅಂಟಿತು. ಬಾಗಿಲು ಕೂರುವ ಸಣ್ಣ ಕಾಲುವೆಗಳಲ್ಲಿ ಬೆಳಕು ತಡೆಯಲು ಕಪ್ಪು ಫೋಮ್ ಇರುತ್ತದೆ. ವರ್ಷಗಳು ಕಳೆದಂತೆ ಅದು ಕರಗಿ ಟಾರಿನ ಹಾಗೆ ಆಗುತ್ತದೆ. ಅರ್ಧ ಕಡೆ ಅಂಟು, ಅರ್ಧ ಕಡೆ ಬರೀ ಪುಡಿ. ಮಾರಿದವರು "ಶಟರ್ ಚೆನ್ನಾಗಿದೆ, ಮೀಟರ್ ಚೆನ್ನಾಗಿದೆ" ಅಂದಿದ್ದರು. ಎರಡೂ ನಿಜ. ಇದನ್ನು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎರಡು ಸಂಜೆ ಕೂತು ಸರಿಮಾಡಿದೆ. ಬಿದಿರಿನ ಹಲ್ಲುಕಡ್ಡಿಯಿಂದ ಹಳೇ ಫೋಮ್ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಇಯರ್‌ಬಡ್‌ನಿಂದ ಒರೆಸಿದೆ. ಕೆರೆದ ಪುಡಿ ಶಟರ್ ಪರದೆಯ ಮೇಲೆ ಬೀಳದ ಹಾಗೆ ಕ್ಯಾಮೆರಾವನ್ನು ಬಾಗಿಸಿ ಹಿಡಿದುಕೊಳ್ಳಬೇಕು. ವ್ಯೂಫೈಂಡರ್‌ನ ಗಾಜಿನ (ಪೆಂಟಾಪ್ರಿಸಂ) ಕೆಳಗಿನ ಫೋಕಸಿಂಗ್ ಸ್ಕ್ರೀನಿಗೆ ಆಲ್ಕೋಹಾಲ್ ಮುಟ್ಟಿಸಲೇಬಾರದು, ಅದು ಪ್ಲಾಸ್ಟಿಕ್ ಆಗಿದ್ದರೆ ಮಂಜಾಗಿಬಿಡುತ್ತದೆ. ಕಾಲುವೆಗೆ ಫೋಮ್ ಬದಲು ಕಪ್ಪು ಉಲ್ಲನ್ ದಾರ ಹಾಕಿ ಕಡ್ಡಿಯಿಂದ ಒತ್ತಿದೆ. ಹಿಂಜ್ ಇರುವ ಕಡೆ ತೆಳ್ಳಗಿನ ಫೆಲ್ಟ್ ಪಟ್ಟಿ. ಆಮೇಲೆ ಒಂದು ರೀಲು ಹಾಕಿ, ಪ್ರತಿ ಫ್ರೇಮಿಗೂ ಕ್ಯಾಮೆರಾವನ್ನು ಅರ್ಧ ಗಂಟೆ ಬಿಸಿಲಲ್ಲಿಟ್ಟೆ. ಒಂದು ಗೆರೆಯೂ ಬರಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಆ ದಾರ ಹಾಗೇ ಇದೆ.

ಡಿಜಿಟಲ್‌ನಲ್ಲಿ ಇಷ್ಟು ಕಾಡಿದ್ದು ಏನೂ ಇಲ್ಲ. ಸೆನ್ಸರಿಗೆ ಧೂಳು ಕೂರುತ್ತದೆ, ಊದಿದರೆ ಹೋಗುತ್ತದೆ. ಒಂದು ಹಾರ್ಡ್ ಡಿಸ್ಕ್ ಕೈಕೊಟ್ಟಿತು, ಇನ್ನೊಂದು ಕಡೆ ಕಾಪಿ ಇತ್ತು. ಇದನ್ನು ಒಪ್ಪಿಕೊಳ್ಳಲೇಬೇಕು: ಡಿಜಿಟಲ್ ಫೋಟೋವನ್ನು ಮೂರು ಕಡೆ ಇಡಬಹುದು, ನೆಗೆಟಿವ್ ಇರುವುದು ಒಂದೇ. ಆದರೆ ನೆಗೆಟಿವ್ ನೋಡಲು ಕಿಟಕಿಯ ಬೆಳಕು ಸಾಕು. ತೊಳೆಸಲು ಕೊಡುವಾಗ ನೆಗೆಟಿವ್ ವಾಪಸ್ ಬೇಕು ಅಂತ ಮರೆಯದೆ ಹೇಳಿ.

ರಾತ್ರಿ ಫೋಟೋಗೆ ಡಿಜಿಟಲ್. ಇದರಲ್ಲಿ ಚರ್ಚೆಯೇ ಬೇಡ. ಓಡಾಡುವ ಮಕ್ಕಳಿಗೂ ಅದೇ.

ಬೆಳಕಿನ ವಿಷಯಕ್ಕೆ ಬಂದರೆ ಎರಡರ ಸ್ವಭಾವವೇ ಉಲ್ಟಾ. ಕಿಟಕಿ ಪಕ್ಕ ಕೂತ ಅಜ್ಜಿಯನ್ನು ಒಂದೇ ಹೊತ್ತಿನಲ್ಲಿ ಎರಡರಲ್ಲೂ ತೆಗೆದೆ. ಮಿರರ್‌ಲೆಸ್‌ನಲ್ಲಿ ಅವಳ ಮುಖಕ್ಕೆ ಬೆಳಕು ಸರಿಹೊಂದಿಸಿದರೆ ಕಿಟಕಿ ಪೂರ್ತಿ ಬಿಳಿ. ಸೆನ್ಸರಿನಲ್ಲಿ ಒಮ್ಮೆ ಬಿಳಿಯಾದ ಜಾಗದಲ್ಲಿ ಮತ್ತೆ ಏನೂ ಸಿಗುವುದಿಲ್ಲ. ಕತ್ತಲನ್ನು ಮಾತ್ರ ಆಮೇಲೆ ಸಾಕಷ್ಟು ಮೇಲೆತ್ತಬಹುದು. ಕಲರ್ ನೆಗೆಟಿವ್‌ಗೆ ಕತ್ತಲು ಆಗುವುದಿಲ್ಲ, ಬೆಳಕು ಕಡಿಮೆಯಾದರೆ ನೆರಳು ಮಣ್ಣುಮಣ್ಣಾಗುತ್ತದೆ. ಆದರೆ ಎರಡು ಸ್ಟಾಪ್ ಜಾಸ್ತಿ, ಅಂದರೆ ನಾಲ್ಕು ಪಟ್ಟು ಬೆಳಕು ಕೊಟ್ಟರೂ ತಡೆದುಕೊಳ್ಳುತ್ತದೆ. ಆ ಫೋಟೋದಲ್ಲಿ ಅಜ್ಜಿಯ ಮುಖವೂ ಇದೆ, ಕಿಟಕಿ ಪರದೆಯ ಹೂವಿನ ಅಚ್ಚೂ ಇದೆ, ಹೊರಗಿನ ಮರವೂ ಇದೆ. ನಾನು ಮನೆಯೊಳಗೆ ಕಿಟಕಿ ಬೆಳಕಿನಲ್ಲೇ ಜಾಸ್ತಿ ತೆಗೆಯುವವನು. ಹಾಗಾಗಿ ಇದು ನನಗೆ ದೊಡ್ಡ ವಿಷಯ.

"ಕೊನೆಗೆ ಸ್ಕ್ಯಾನ್ ಮಾಡಿ ಫೋನಿನಲ್ಲೇ ನೋಡ್ತೀಯಲ್ಲ, ಮತ್ಯಾಕೆ ಫಿಲ್ಮ್?" ಅಂತ ಕೇಳುತ್ತಾರೆ. ಸ್ಕ್ಯಾನ್ ಮಾಡುವುದು ಆಮೇಲಿನ ಮಾತು. ಅಜ್ಜಿ ಸೂಜಿಗೆ ದಾರ ಪೋಣಿಸುವಾಗ ನಮ್ಮಿಬ್ಬರ ನಡುವೆ ಪರದೆ ಇರಲಿಲ್ಲ. ನನಗೆ ಮುಖ್ಯ ಅದು.

ಫಿಲ್ಮ್ ಸತ್ತುಹೋಗಿದೆ ಅನ್ನುವವರಿಗೂ ಒಂದು ಮಾತು. ಮೊದಲ ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದೇ ಫಿಲ್ಮ್ ಕಂಪನಿಯಲ್ಲಿ. 1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಅನ್ನುವ ಎಂಜಿನಿಯರ್ ಕಟ್ಟಿದ್ದು. 0.01 ಮೆಗಾಪಿಕ್ಸೆಲ್, ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್. ಅಲ್ಲಿಂದ ಇಲ್ಲಿಯವರೆಗೆ ಡಿಜಿಟಲ್ ಎಷ್ಟೋ ದೂರ ಬಂತು. ಆದರೂ ಅದೇ ಕೊಡಾಕ್ ತಾನು ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲ್ಮನ್ನು 2018ರಲ್ಲಿ ಮತ್ತೆ ತಂದಿತು. 2024ರಲ್ಲಿ ಪೆಂಟಾಕ್ಸ್ 17 ಅನ್ನುವ ಹೊಚ್ಚಹೊಸ ಫಿಲ್ಮ್ ಕ್ಯಾಮೆರಾ ಬಂತು. ಕೊಳ್ಳುವವರು ಇಲ್ಲದಿದ್ದರೆ ಯಾರು ಮಾಡುತ್ತಾರೆ?

ಭಯ ಇರುವುದು ರೀಲಿನ ಬಗ್ಗೆ ಅಲ್ಲ, ತೊಳೆಯುವುದರ ಬಗ್ಗೆ. 1935ರಲ್ಲಿ ಬಂದ ಕೊಡಾಕ್ರೋಮ್ ಅನ್ನುವ ಬಣ್ಣದ ಫಿಲ್ಮ್ ಅಷ್ಟು ಹೆಸರು ಮಾಡಿತು. ಆದರೆ ಅದರ ಬಣ್ಣ ಸೇರುತ್ತಿದ್ದುದು ತೊಳೆಯುವಾಗ, ಮನೆಯಲ್ಲಿ ಮಾಡುವಂಥ ಕೆಲಸ ಅಲ್ಲ ಅದು. 2009ರಲ್ಲಿ ತಯಾರಿಕೆ ನಿಂತಿತು. ತೊಳೆಯುತ್ತಿದ್ದ ಕೊನೆಯ ಲ್ಯಾಬ್ ಕೂಡ 2010ರ ಕೊನೆಗೆ ರೀಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಅಲ್ಲಿಗೆ ಮುಗಿಯಿತು, ಆಮೇಲೆ ಸಿಕ್ಕ ರೀಲುಗಳಿಂದ ಆ ಬಣ್ಣ ಬರುವುದೇ ಇಲ್ಲ. ಅದಕ್ಕೇ ನಾನು ಜಾಸ್ತಿ ಹಾಕುವುದು ಕಪ್ಪು-ಬಿಳುಪು ರೀಲು. ಡಿ-76 ಅನ್ನುವ ಡೆವಲಪರ್, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ, 1927ರಿಂದ ಇದೆ. 20 ಡಿಗ್ರಿಯಲ್ಲಿ ಹತ್ತು ನಿಮಿಷದ ಆಚೀಚೆ, ಆಮೇಲೆ ಅದನ್ನು ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರವನ್ನು ಉಳಿಸುವ ಫಿಕ್ಸರ್, ನೀರು. ಬಚ್ಚಲಲ್ಲೇ ಆಗುತ್ತದೆ. ಟ್ಯಾಂಕಿನಿಂದ ಒದ್ದೆ ರೀಲನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಆಗುವ ಖುಷಿ ನನಗೆ ಇವತ್ತಿಗೂ ಮೊದಲ ಸಲದಷ್ಟೇ ಇದೆ.

ದುಡ್ಡಿನ ಲೆಕ್ಕ ನೇರವಾಗಿಯೇ ಹೇಳುತ್ತೇನೆ. ಹಳೇ ಎಸ್‌ಎಲ್‌ಆರ್‌ಗೆ ಕೊಟ್ಟದ್ದು ಮಿರರ್‌ಲೆಸ್ ಬೆಲೆಯ ಚಿಕ್ಕ ಪಾಲು. ಆದರೆ ಮಿರರ್‌ಲೆಸ್ ಒಂದು ಸಲ ಕೊಂಡರೆ ಮುಗಿಯಿತು. ಫಿಲ್ಮ್ ಹಾಗಲ್ಲ, ರೀಲು, ತೊಳೆಸುವುದು, ಸ್ಕ್ಯಾನ್, ಪ್ರತಿ ಸಲವೂ ಜೇಬಿಗೆ ಕೈ ಹೋಗುತ್ತದೆ. ತಿಂಗಳಿಗೆ ಒಂದು ರೀಲು ನನಗೆ ನಿಭಾಯಿಸಲು ಆಗುತ್ತದೆ, ಎರಡು ಆಗುವುದಿಲ್ಲ. ತಿಂಗಳಿಗೆ 36 ಫೋಟೋ ಸಾಕಾಗುವವರಿಗೆ, ಮನೆಯವರ ಫೋಟೋ ತೆಗೆಯುವವರಿಗೆ ಫಿಲ್ಮ್ ಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಹಕ್ಕಿ, ಆಟ, ಕಾರ್ಯಕ್ರಮ, ಬೇರೆಯವರಿಗೆ ದುಡ್ಡಿಗೆ ಮಾಡಿಕೊಡುವ ಕೆಲಸ ಅಂದರೆ ಡಿಜಿಟಲ್ ಬಿಟ್ಟು ಬೇರೆ ಯೋಚನೆ ಬೇಡ. ಎಲ್ಲಿಯೇ ಕೊಂಡರೂ ದುಡ್ಡು ಕೊಡುವ ಮುಂಚೆ ಹಿಂದಿನ ಬಾಗಿಲು ತೆರೆದು ಆ ಕಾಲುವೆಗೆ ಬೆರಳಿಡಿ.

ಮಿರರ್‌ಲೆಸ್‌ನ್ನು ಮಾರಿಲ್ಲ. ಅದರ ಹೊಸ ಮಾಡೆಲ್ ಬಂದಾಗ ಬದಲಾಯಿಸಬೇಕು ಅಂತ ತೆಗೆದಿಟ್ಟಿದ್ದ ದುಡ್ಡಲ್ಲಿ ಒಂದು ವರ್ಷಕ್ಕಾಗುವಷ್ಟು ರೀಲು ತಂದು ಫ್ರಿಜ್‌ನಲ್ಲಿಟ್ಟಿದ್ದೇನೆ. ನಾಳೆ ಬೆಳಗ್ಗೆ ಬೇಕಾದ ಒಂದನ್ನು ಇವತ್ತು ರಾತ್ರಿಯೇ ಹೊರಗಿಡಬೇಕು, ತಣ್ಣಗಿರುವಾಗ ಡಬ್ಬಿ ತೆರೆದರೆ ಫಿಲ್ಮಿನ ಮೇಲೆ ನೀರು ಕೂರುತ್ತದೆ. ನಾಳೆ ತಂಗಿ ರಜಕ್ಕೆ ಬರುತ್ತಿದ್ದಾಳೆ. ಅದೇ ಬಾಗಿಲ ಹತ್ತಿರ ನಿಲ್ಲಿಸಿ ಇನ್ನೊಂದು ತೆಗೆಯಬೇಕು.