‘ಜರ್ಮನಿ ಮಾಲು’ ಅಂತ ತಂದ ಪಾನಾ ಸೆಟ್ಟು ಮತ್ತು ನನ್ನ ಬೆರಳಿನ ಮೂರು ಹೊಲಿಗೆ

ಆ ಪೆಂಡಾಲು ಮತ್ತೆ ಎದ್ದಿದೆ. ‘ಇಂಪೋರ್ಟೆಡ್ ಟೂಲ್ಸ್, ಕಂಟೇನರ್ ಮಾಲು, ಮೂರೇ ದಿನ’ ಅಂತ ಕೆಂಪು ಬ್ಯಾನರು, ಒಳಗೆ ಉದ್ದುದ್ದ ಟೇಬಲ್ಲು, ಟೇಬಲ್ ಮೇಲೆ ಪಾನಾ, ಅಂದರೆ ಸ್ಪ್ಯಾನರ್ ಸೆಟ್ಟುಗಳ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಗಳು. ಹೋದ ವರ್ಷ ಇಂಥದ್ದೇ ಪೆಂಡಾಲಿನಲ್ಲಿ ₹7,400 ಎಣಿಸಿ ಕೊಟ್ಟು, ಗೆದ್ದು ಬಂದವನ ಹಾಗೆ ಪೆಟ್ಟಿಗೆ ಹೊತ್ತು ತಂದವನು ನಾನು. ಹೇಳಿಕೊಳ್ಳಲು ನಾಚಿಕೆ ಅಂತ ಇಷ್ಟು ದಿನ ಸುಮ್ಮನಿದ್ದೆ. ನಿನ್ನೆ ನಮ್ಮ ಓಣಿಯ ಇಬ್ಬರು ಹುಡುಗರು ‘ಅಣ್ಣಾ, ನೀವೂ ಬರ್ತೀರೇನು’ ಅಂತ ಕೇಳಿದ ಮೇಲೆ ಸುಮ್ಮನಿರುವುದು ಸರಿಯಲ್ಲ ಅನಿಸಿತು.

ನನ್ನದು ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ರಿಪೇರಿ ಶಾಪು. ಒಂದು ಲೇಥ್, ಒಂದು ಡ್ರಿಲ್ಲಿಂಗ್ ಮಷಿನ್ನು, ಇಬ್ಬರು ಹುಡುಗರು. ಸುತ್ತಲಿನ ಫೌಂಡ್ರಿ, ಅಂದರೆ ಎರಕದ ಕಾರ್ಖಾನೆಗಳ ಮೆಂಟೆನನ್ಸ್ ಕೆಲಸವೇ ಹೊಟ್ಟೆಪಾಡು. ಕೆಲಸ ಕಲಿತದ್ದು ಒಬ್ಬ ಹಳೆಯ ಫಿಟ್ಟರ್ ಕಾಕಾನ ಕೈಕೆಳಗೆ. ಅವರ ಪೆಟ್ಟಿಗೆಯ ತುಂಬ ಟಪಾರಿಯಾ ಕಂಪನಿಯ ಪಾನಾ. ನಾಸಿಕದ ಮಾಲು. ಮೂವತ್ತು ವರ್ಷಕ್ಕೂ ಹಳೆಯವು, ಹೊಳಪು ಹೋಗಿ ಗ್ರೀಸು ಕುಡಿದು ಕಪ್ಪಾಗಿದ್ದವು. ನನಗೆ ಅವನ್ನು ಗಿರಾಕಿಯ ಮುಂದೆ ತೆಗೆಯಲು ಮುಜುಗರ. ಫೌಂಡ್ರಿಗೆ ಹೋದಾಗ ಅಲ್ಲಿನ ಇಂಜಿನಿಯರುಗಳ ಎದುರು ಥಳಥಳ ಹೊಳೆಯುವ ಫಾರಿನ್ ಸೆಟ್ಟು ಬಿಚ್ಚಬೇಕು ಅಂತ ಆಸೆ. ಮೋಸ ಹೋದದ್ದಕ್ಕೆ ಅರ್ಧ ಕಾರಣ ಮಾರಿದವನು, ಇನ್ನರ್ಧ ಈ ಆಸೆ.

ಮಾರುವವನು ಮಾತಿನಲ್ಲಿ ಜೋರು. ‘ಸಾಹೇಬ್ರ, ಇದು ಜರ್ಮನಿ ಕ್ರೋಮ್ ವೆನೇಡಿಯಮ್. ನಮ್ಮ ದೇಶದ್ದು ಅಂದ್ರ ಬೀಡು ಕಬ್ಬಿಣ ಇದ್ದಂಗ. ಇದರ ಆವಾಜ್ ಕೇಳ್ರಿ’ ಅಂತ, ಆ ಎರಡು ಲೋಹ ಬೆರೆಸಿದ ಗಟ್ಟಿ ಉಕ್ಕಿನದು ಅನ್ನುವ ಹಾಗೆ, 24ರ (24 ಮಿ.ಮೀ. ಬಾಯಿಯ) ಪಾನಾವನ್ನು ಫರಸಿಯ ಮೇಲೆ ಬಿಟ್ಟ. ಠಣ್ ಅಂತು. ನಾನು ತಲೆ ಆಡಿಸಿದೆ. ಈಗ ಗೊತ್ತು, ಒಂದು ಅಡಿ ಉದ್ದದ ಯಾವ ಉಕ್ಕಿನ ಸರಳನ್ನು ಬಿಟ್ಟರೂ ಠಣ್ ಅನ್ನುತ್ತದೆ. ಒಳಗೆ ದೊಡ್ಡ ಬಿರುಕಿದ್ದರೆ ಆ ಸದ್ದು ಮಂದವಾಗಬಹುದು. ಹದ ಹಾಕಿದೆಯೋ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ನಮ್ಮ ಕಿವಿ ಹೇಳಲಾರದು.

ಅವತ್ತು ಕಣ್ಣ ಮುಂದೆಯೇ ಇದ್ದ ಗುರುತುಗಳನ್ನು ಹೇಳಿಬಿಡುತ್ತೇನೆ. ‘ಜರ್ಮನಿ’ ಅನ್ನುವ ಪದ ಇದ್ದದ್ದು ಪೆಟ್ಟಿಗೆಯ ಸ್ಟಿಕ್ಕರ್ ಮೇಲೆ ಮಾತ್ರ, ಅದೂ ‘ಜರ್ಮನಿ ಟೆಕ್ನಾಲಜಿ’ ಅಂತ. ಎಲ್ಲಿ ತಯಾರಾಯಿತು ಅನ್ನುವ ಸಾಲೇ ಇರಲಿಲ್ಲ. ಪಾನಾದ ಮೈಮೇಲೆ ಕಂಪನಿಯ ಹೆಸರಿಲ್ಲ, ‘ಕ್ರೋಮ್ ವೆನೇಡಿಯಮ್’ ಅನ್ನುವುದಷ್ಟೇ ತೆಳುವಾಗಿ ಕೊರೆದಿತ್ತು. ಹೊರದೇಶದಿಂದ ತಂದು ಪೊಟ್ಟಣದಲ್ಲಿ ಮಾರುವ ಸಾಮಾನಿನ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ತಯಾರಾದ ದೇಶ, ಎಂಆರ್‌ಪಿ ಇರಲೇಬೇಕು ಅನ್ನುವುದು 2011ರ ಕಾನೂನು ಮಾಪನ ನಿಯಮ. ಇವುಗಳಲ್ಲಿ ಒಂದೂ ಅದರ ಮೇಲಿರಲಿಲ್ಲ. ಬಿಲ್ಲು ಕೇಳಿದರೆ ‘ಎಸ್ಟಿಮೇಟ್’ ಅಂತ ಬರೆದ ಗುಲಾಬಿ ಚೀಟಿ ಕೊಟ್ಟ. ಅದರಲ್ಲಿ ಜಿಎಸ್‌ಟಿ ನಂಬರೂ ಇಲ್ಲ, ಅಂಗಡಿಯ ಹೆಸರೂ ಇಲ್ಲ. ಮಡಚಿ ಕಿಸೆಗೆ ಹಾಕಿಕೊಂಡೆ.

ಎರಡು ತಿಂಗಳು ಏನೂ ಆಗಲಿಲ್ಲ. 10, 13ರ ಸಣ್ಣ ನಟ್ಟುಗಳಿಗೆ ಯಾವ ಪಾನಾ ಆದರೂ ನಡೆಯುತ್ತದೆ. ಇದೇ ಮನುಷ್ಯನನ್ನು ಮೋಸಗೊಳಿಸುವುದು.

ಒಂದು ದಿನ ಸಂಜೆ ಫೌಂಡ್ರಿಯೊಂದರಿಂದ ಫೋನು. ಸ್ಯಾಂಡ್ ಮಿಕ್ಸರಿನ ಗೇರ್‌ಬಾಕ್ಸ್ ಜಾಮ್ ಆಗಿ ನಿಂತಿದೆ. ಕುಲುಮೆಯಲ್ಲಿ ಲೋಹ ಕರಗಿ ಕೂತಿದೆ, ಅಚ್ಚು ಮಾಡಲು ಮರಳಿಲ್ಲ. ಕರಗಿದ ಲೋಹವನ್ನು ಹಾಗೇ ಹಿಡಿದಿಟ್ಟುಕೊಂಡರೆ ಕರೆಂಟಿನ ಬಿಲ್ಲು ನಿಮಿಷ ನಿಮಿಷಕ್ಕೂ ಏರುತ್ತದೆ. ಗೇರ್‌ಬಾಕ್ಸ್ ಕೂತಿದ್ದು ಎಂ-16, ಅಂದರೆ 16 ಮಿ.ಮೀ. ದಪ್ಪದ ಬೋಲ್ಟುಗಳ ಮೇಲೆ, ತಲೆಯ ಅಗಲ 24. ಅಂಥ ಬೋಲ್ಟು 8.8 ಗ್ರೇಡಿನ ಗಟ್ಟಿ ಉಕ್ಕಿನದಾದರೆ ಬಿಗಿತ ಸುಮಾರು 200 ನ್ಯೂಟನ್ ಮೀಟರು. ಒಂದಡಿ ಪಾನಾದಲ್ಲಿ ಅಷ್ಟು ಬಿಗಿತ ಬಿಚ್ಚಲು ಕೈಯಿಂದ 70 ಕೆಜಿಯಷ್ಟು ಜಗ್ಗಬೇಕು. ಸಿಮೆಂಟ್ ಚೀಲವೇ 50 ಕೆಜಿ ಅನ್ನುವುದು ನೆನಪಿರಲಿ. ಅದರ ಮೇಲೆ ಈ ಬೋಲ್ಟುಗಳಿಗೆ ವರ್ಷಗಳ ಮರಳು, ತುಕ್ಕು.

ಮೊದಲ ಎರಡು ಬಿಚ್ಚಿದವು. ಮೂರನೆಯದಕ್ಕೆ ಕಾಲು ಊರಿ ಜಗ್ಗಿದೆ. ಪಾನಾ ಮೇಣದಂತೆ ಬಾಯಿ ಅಗಲಿಸಿತು. ಒಡೆಯಲಿಲ್ಲ, ಸದ್ದೂ ಮಾಡಲಿಲ್ಲ, ಸುಮ್ಮನೆ ಬಾಯಿ ತೆರೆದು ಜಾರಿತು. ನನ್ನ ಬಲಗೈ ನೇರ ಹೋಗಿ ಗೇರ್‌ಬಾಕ್ಸಿನ ಅಂಚಿಗೆ ಬಡಿಯಿತು. ತೋರುಬೆರಳಿನ ಗೆಣ್ಣಿನ ಮೇಲೆ ಚರ್ಮ ಸುಲಿದು ಬೆಳ್ಳಗೆ ಕಂಡಿತು, ಆಮೇಲೆ ರಕ್ತ. ಮೂರು ಹೊಲಿಗೆ, ಹನ್ನೆರಡು ದಿನ ರಜೆ. ಬೋಲ್ಟಿನ ತಲೆಯ ಮೂಲೆಗಳು ಸವೆದು ಗುಂಡಗಾಗಿದ್ದವು. ಅದರ ತಲೆಗೆ ಬೇರೆ ನಟ್ಟು ವೆಲ್ಡ್ ಮಾಡಿ ತೆಗೆಯಲು ನಮ್ಮ ಹುಡುಗನಿಗೆ ಎರಡು ತಾಸು ಹಿಡಿಯಿತಂತೆ. ಫೌಂಡ್ರಿಯವರು ಹಣ ಕತ್ತರಿಸಲಿಲ್ಲ, ಆದರೆ ಮುಂದಿನ ನಾಲ್ಕು ತಿಂಗಳು ನನಗೆ ಕರೆಯೂ ಬರಲಿಲ್ಲ. ₹7,400ಕ್ಕಿಂತ ಅದೇ ದೊಡ್ಡ ಪೆಟ್ಟು.

ಬ್ಯಾಂಡೇಜ್ ಕೈಯಲ್ಲಿ ಕಾಕಾನ ಮನೆಗೆ ಹೋದೆ. ಪಾನಾ ತಿರುಗಿಸಿ ಮುರುಗಿಸಿ ನೋಡಿ, ‘ತಮ್ಮಾ, ನೀ ಇದರ ಮಾರಿ ನೋಡಿ ತಗೊಂಡಿ. ಪಾನಾದ್ದು ಬಾಯಿ ನೋಡಬೇಕೋ’ ಅಂದರು. ಆಮೇಲೆ ಇನ್ನೊಂದು ಬೈಗುಳ: ‘ತುಕ್ಕ ಹಿಡದ ಬೋಲ್ಟಿಗೆ ಫಿಕ್ಸ್ ಪಾನಾ ಯಾಕ ಹಾಕಿದಿ? ರಿಂಗ್ ಹಾಕಬೇಕಿತ್ತು, ಆರೂ ಮೂಲಿ ಹಿಡೀತೈತಿ.’ ಮಾತು ಖರೆ. ಫಿಕ್ಸ್ ಪಾನಾದ ಬಾಯಿ ಒಂದು ಕಡೆ ತೆರೆದಿರುತ್ತದೆ, ರಿಂಗ್ ಪಾನಾ ಬೋಲ್ಟಿನ ತಲೆಯನ್ನು ಸುತ್ತಲೂ ಹಿಡಿಯುತ್ತದೆ. ತಪ್ಪು ಪೂರ್ತಿ ಪಾನಾದ್ದಲ್ಲ.

ಆ ಫೌಂಡ್ರಿಯ ಲ್ಯಾಬಿನಲ್ಲಿ ಕೆಲಸ ಮಾಡುವ ಪರಿಚಯದವನೊಬ್ಬ ಕುತೂಹಲಕ್ಕೆ ಪಾನಾ ಇಸಿದುಕೊಂಡು ಹೋದ. ಕ್ರೋಮ್ ಉಜ್ಜಿ ತೆಗೆದು ಗಟ್ಟಿತನ ಅಳೆಯುವ ರಾಕ್‌ವೆಲ್ ಮಷಿನ್ನಿಗೆ ಕೊಟ್ಟರೆ ಸಿ ಸ್ಕೇಲಿನಲ್ಲಿ 20ರ ಆಸುಪಾಸು. ಅಂಕಿ ಹೆಚ್ಚಿದ್ದಷ್ಟೂ ಉಕ್ಕು ಗಟ್ಟಿ. ಕಾಕಾನ ಹಳೆಯ ಕಪ್ಪು ಪಾನಾ ಅದೇ ಮಷಿನ್ನಿನಲ್ಲಿ 43 ತೋರಿಸಿತು. ಅಲ್ಲಿ ಉಕ್ಕಿನ ಎರಕವೂ ಇರುವುದರಿಂದ, ಲೋಹದಲ್ಲಿ ಏನೇನು ಬೆರೆತಿದೆ ಅಂತ ಹೇಳುವ ಸ್ಪೆಕ್ಟ್ರೋಮೀಟರಿಗೂ ಇಟ್ಟು ನೋಡಿದ. ಕಾರ್ಬನ್ ಶೇ. 0.42, ಕ್ರೋಮಿಯಂ ಹೆಸರಿಗಷ್ಟೇ, ವೆನೇಡಿಯಮ್ ಇಲ್ಲವೇ ಇಲ್ಲ. ಅಂದರೆ ನಮ್ಮ ಶಾಪಿನ ಮೂಲೆಯಲ್ಲಿ ಬಿದ್ದಿರುವ ಇಎನ್-8 ಅನ್ನುವ ಸಾದಾ ಉಕ್ಕಿನ ಸರಳಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಜರ್ಮನಿಯ ಹೆಸರಿನಲ್ಲಿ ನಾನು ಕೊಂಡದ್ದು ಬಣ್ಣ ಬಳಿದ ಇಎನ್-8.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಸಾದಾ ಉಕ್ಕಿಗೂ ಸರಿಯಾಗಿ ಹದ ಹಾಕಿದ್ದರೆ ನನ್ನ ಬೆರಳು ಉಳಿಯುತ್ತಿತ್ತು. 850 ಡಿಗ್ರಿಯಷ್ಟು ಕಾಯಿಸಿ, ಎಣ್ಣೆಗೆ ಅದ್ದಿ, ಮತ್ತೆ ಕಡಿಮೆ ಉರಿಯಲ್ಲಿ ಕಾಯಿಸಿ ಇಳಿಸಬೇಕು. ಕುಡಗೋಲು ಮಾಡುವ ನಮ್ಮೂರ ಕಮ್ಮಾರನಿಗೂ ಗೊತ್ತಿರುವ ಕೆಲಸ ಇದು. ಆ ಒಂದು ಖರ್ಚು ಉಳಿಸಿ, ಅದೇ ದುಡ್ಡನ್ನು ಹೊಳೆಯುವ ಕ್ರೋಮಿಗೂ ಪೆಟ್ಟಿಗೆಗೂ ಹಾಕಿದ್ದಾರೆ. ಹೊಳಪು ಅಂಗಡಿಯಲ್ಲೇ ಕಾಣುತ್ತದೆ, ಹದ ಕಾಣುವುದಿಲ್ಲ. ವೆನೇಡಿಯಮ್ ಇದ್ದೂ ಹದ ತಪ್ಪಿದ ಪಾನಾವೂ ಕೆಲಸಕ್ಕೆ ಬರುವುದಿಲ್ಲ.

ಸಿಟ್ಟಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ‘ಇನ್ನು ಫಾರಿನ್ ಮುಟ್ಟುವುದಿಲ್ಲ, ದೇಶಿ ಮಾಲೇ’ ಅಂತ ಪೇಟೆಯಲ್ಲಿ ಸಿಕ್ಕ ಅಗ್ಗದ ದೇಶಿ ಗೋಟಿ (ಸಾಕೆಟ್) ಸೆಟ್ಟು ತಂದೆ. ಹೆಸರು ಕೇಳಿರಲಿಲ್ಲ, ಡಬ್ಬಿಯ ಮೇಲೆ ತ್ರಿವರ್ಣ ಇತ್ತು, ಅಷ್ಟೇ. ಆರು ವಾರದಲ್ಲಿ 19ರ ಗೋಟಿ ಉದ್ದಕ್ಕೆ ಸೀಳಿತು. ಈ ಸಲ ಹದ ಜಾಸ್ತಿಯಾಗಿ ಗಾಜಿನಂತೆ ಬಿರುಸಾಗಿತ್ತು ಅನಿಸುತ್ತದೆ. ಹಿಡಿಕೆಗೆ ಪೈಪು ತೂರಿಸಿ ಜಗ್ಗಿದ್ದು ನಾನೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಳ್ಳೆಯ ಗೋಟಿ ಅಷ್ಟಕ್ಕೆ ಸೀಳಬಾರದು. ದೇಶಭಕ್ತಿಯ ಸ್ಟಿಕ್ಕರಿಗೂ ಜರ್ಮನಿಯ ಸ್ಟಿಕ್ಕರಿಗೂ ಅಂಟು ಒಂದೇ.

‘ಮೇಡ್ ಇನ್ ಜರ್ಮನಿ’ ಅನ್ನುವ ಮಾತು ಹುಟ್ಟಿದ್ದೇ ಬೈಗುಳವಾಗಿ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಅಗ್ಗದ ಚಾಕು ಕತ್ತರಿಗಳು ಇಂಗ್ಲೆಂಡಿಗೆ ಬಂದು ಅಲ್ಲಿನ ಶೆಫೀಲ್ಡ್ ಊರಿನ ಮಾಲಿನ ಹೆಸರಲ್ಲಿ ಮಾರಾಟವಾಗುತ್ತಿವೆ ಅಂತ ಅಲ್ಲಿನವರು ಗೋಳಾಡಿದರು. ಬ್ರಿಟಿಷ್ ಸರ್ಕಾರ 1887ರಲ್ಲಿ ಕಾನೂನು ತಂದು, ಹೊರಗಿನ ಮಾಲಿನ ಮೇಲೆ ತಯಾರಾದ ದೇಶದ ಹೆಸರು ಹಾಕಿಸಿತು. ಕಳಪೆ ಅಂತ ಜನ ದೂರ ಇಡಲಿ ಅನ್ನುವುದೇ ಉದ್ದೇಶ. ಜರ್ಮನರು ಕೆಲಸ ಸುಧಾರಿಸಿಕೊಂಡು ಆ ಬೈಗುಳವನ್ನೇ ಬಿರುದು ಮಾಡಿಕೊಂಡರು. ಇವತ್ತು ಅದನ್ನು ಕದ್ದು ನಮಗೆ ಅಂಟಿಸುತ್ತಿದ್ದಾರೆ.

ಅಸಲಿ ಜರ್ಮನ್ ಮಾಲು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಬ್ಬ ಗಿರಾಕಿಯ ಹತ್ತಿರ ಅಸಲಿ ಕ್ನಿಪೆಕ್ಸ್ ಕಂಪನಿಯ ಪಕ್ಕಡ (ಪ್ಲೈಯರ್) ಇದೆ. ಗಟ್ಟಿ ಸ್ಪ್ರಿಂಗ್ ತಂತಿ ಕತ್ತರಿಸಿದರೂ ಅದರ ಬಾಯಿ ಮುಕ್ಕಾಗುವುದಿಲ್ಲ. ಬೆಲೆ ನಮ್ಮ ಪಕ್ಕಡದ ಎಷ್ಟೋ ಪಟ್ಟು. ದಿನವಿಡೀ ಕತ್ತರಿಸುವ ಕೆಲಸ ಇದ್ದವರಿಗೆ ಅದು ದುಬಾರಿಯಲ್ಲ. ಅಲೆನ್ ಕೀಗೂ ನಾನು ಹೆಚ್ಚು ದುಡ್ಡು ಹಾಕುತ್ತೇನೆ, ಮೂಲೆ ಸವೆದ ಅಲೆನ್ ಕೀ ಸ್ಕ್ರೂವನ್ನೂ ಹಾಳು ಮಾಡುತ್ತದೆ. ಆದರೆ ಪಾನಾ, ರಿಂಗು, ಸುತ್ತಿಗೆ, ಪೈಪ್ ರೆಂಚಿಗೆ ಹೆಸರುಳ್ಳ ದೇಶಿ ಮಾಲು ನಮ್ಮಂಥ ಶಾಪಿಗೆ ಧಾರಾಳ ಸಾಕು. ಜಲಂಧರ, ಲುಧಿಯಾನಾದ ಫೋರ್ಜಿಂಗ್ ಶಾಪುಗಳಿಂದ ಹೊರದೇಶಕ್ಕೆ ಕೈ ಉಪಕರಣ ಹೋಗುತ್ತವೆ. ದೊಡ್ಡ ವಿದೇಶಿ ಹೆಸರಿನ ಎಷ್ಟೋ ಮಾಲು ತಯಾರಾಗುವುದು ತೈವಾನಿನಲ್ಲೋ ಚೀನಾದಲ್ಲೋ ಭಾರತದಲ್ಲೋ. ಇಲ್ಲೇ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತವೆ, ನಾವು ಸ್ಟಿಕ್ಕರ್ ನೋಡಿ ಕೈ ಮುಗಿಯುತ್ತೇವೆ.

ಈಗ ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಅಳತೆಯ ವರ್ನಿಯರ್ ಮತ್ತು ಒಂದು ಹೊಸ ಎಂ-16 ಬೋಲ್ಟು ಇಟ್ಟುಕೊಳ್ಳುತ್ತೇನೆ. 24ರ ಪಾನಾದ ಬಾಯಿ 24ಕ್ಕಿಂತ ಕೂದಲೆಳೆಯಷ್ಟು ಹೆಚ್ಚಿರಬೇಕು, ಇಲ್ಲವಾದರೆ ಬೋಲ್ಟು ಕೂರುವುದಿಲ್ಲ. ಆ ನನ್ನ ಸೆಟ್ಟಿನಲ್ಲೇ ಇದ್ದ, ಬಾಯಿ ಅಗಲಿಸದ ಇನ್ನೊಂದು 24ರ ಪಾನಾವನ್ನು ಅಳೆದರೆ 24.8 ಬಂತು. ಹೊಸದರಲ್ಲೇ ಅಷ್ಟು ಆಟ. ಬೋಲ್ಟಿಗೆ ಹಾಕಿ ಆಚೀಚೆ ಅಲ್ಲಾಡಿಸಿದ್ದರೆ ಅವತ್ತೇ ಕೈಗೆ ತಿಳಿಯುತ್ತಿತ್ತು. ಬಾಯಿಯ ಎರಡೂ ದವಡೆ ಸಮಾನಾಂತರ ಇವೆಯೋ, ರಿಂಗಿನ ಗೋಡೆ ಸುತ್ತಲೂ ಒಂದೇ ದಪ್ಪ ಇದೆಯೋ ನೋಡಿ. ಹೊಳಪಿನ ಕೆಳಗೆ ಗುಳ್ಳೆ, ಸಿಪ್ಪೆ ಕಂಡರೆ ಕೆಳಗಿಡಿ. ಕಾನಸ, ಅಂದರೆ ಅರ ತಿಕ್ಕಿ ನೋಡುವುದೂ ಒಂದು ದಾರಿ, ಆದರೆ ತಪ್ಪು ತಿಳಿಯಬೇಡಿ: ಒಳ್ಳೆಯ ಪಾನಾದ ಮೇಲೂ ಕಾನಸ ಹಿಡಿಯುತ್ತದೆ, ಬಿಗಿಯಾಗಿ, ಕೈಗೆ ಎದುರು ಕೊಟ್ಟು. ಸಾದಾ ಸರಳಿನಂತೆ ಸರಸರ ಪುಡಿ ಉದುರಿದರೆ ಹದ ಇಲ್ಲ. ಇದನ್ನು ಕೊಂಡ ಮೇಲೆ, ನಿಮ್ಮದೇ ಮಾಲಿನ ಮೇಲೆ ಮಾಡಿ. ದೇಶಿ ಮಾಲಿನಲ್ಲಿ ಫಿಕ್ಸ್ ಪಾನಾಕ್ಕೆ ಐಎಸ್ 2028, ರಿಂಗಿಗೆ 2029, ಪಕ್ಕಡಕ್ಕೆ 3650 ಅಂತ ಭಾರತೀಯ ಮಾನಕದ ನಂಬರುಗಳಿವೆ. ಬರೀ ನಂಬರನ್ನು ಯಾರಾದರೂ ಅಚ್ಚು ಹಾಕಿಸಬಹುದು. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರು ಇದ್ದರೆ ಅದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಅಲ್ಲೇ ನಿಂತು ನೋಡಿ. ಇನ್ನೊಂದು, ಹೊಳೆಯುವ ಕ್ರೋಮ್ ಗೋಟಿಯನ್ನು ಬಡಿದು ಬಡಿದು ತಿರುಗಿಸುವ ಇಂಪ್ಯಾಕ್ಟ್ ಗನ್ನಿಗೆ ಹಾಕಬೇಡಿ, ಅದು ಯಾವ ದೇಶದ್ದಾದರೂ ಸರಿ. ಗನ್ನಿಗೆ ಬೇರೆ ಕಪ್ಪು ಗೋಟಿ ಬರುತ್ತದೆ.

ದೂರು ಕೊಟ್ಟಿರಾ ಅಂತ ಕೇಳುವವರಿಗೆ: ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನು ಮಾಡಿದೆ. ಬಿಲ್ಲು ಯಾವುದು, ಮಾರಿದವರ ಹೆಸರು ವಿಳಾಸ ಏನು ಅಂತ ಕೇಳಿದರು. ನನ್ನ ಹತ್ತಿರ ಗುಲಾಬಿ ಚೀಟಿ ಒಂದಿತ್ತು. ಅದರ ಮೇಲಿನ ಫೋನ್ ನಂಬರು ಸ್ವಿಚ್ ಆಫ್.

ನಿನ್ನೆ ಸಂಜೆ ಆ ಹುಡುಗರ ಜೊತೆ ನಾನೂ ಪೆಂಡಾಲಿಗೆ ಹೋದೆ. ಬೇರೆ ಮನುಷ್ಯ, ಅದೇ ಕಪ್ಪು ಪೆಟ್ಟಿಗೆ. ಅವನೂ ಒಂದು ಪಾನಾ ಎತ್ತಿ ನೆಲಕ್ಕೆ ಬಿಟ್ಟು ‘ಆವಾಜ್ ಕೇಳ್ರಿ’ ಅಂದ. ನಾನು ಕಿಸೆಯಿಂದ ಬೋಲ್ಟು ತೆಗೆದು, 24ರದ್ದು ಕೊಡ್ರಿ, ಹಾಕಿ ನೋಡ್ತೀನಿ ಅಂದೆ. ಬೋಲ್ಟನ್ನೂ ನನ್ನ ಬೆರಳಿನ ಗಾಯದ ಕಲೆಯನ್ನೂ ನೋಡಿದ. ‘ಸೀಲ್ ಪೀಸ್ ಐತ್ರಿ, ಬಿಚ್ಚಂಗಿಲ್ಲ’ ಅಂತ ಪೆಟ್ಟಿಗೆ ಮುಚ್ಚಿ, ನಮ್ಮ ಹಿಂದೆ ನಿಂತಿದ್ದವರ ಕಡೆ ತಿರುಗಿದ. ಪೆಂಡಾಲು ನಾಳೆ ರಾತ್ರಿವರೆಗೂ ಇರುತ್ತದಂತೆ.