ಪಾದರಸ ಪತ್ತೆಯ ಡೈಥಿಝೋನ್ ಕಿಟ್: ಹನಿ ಹಳದಿಯಾದರೆ ತಕ್ಷಣ ನಂಬಬೇಡಿ

ಪೆಟ್ಟಿಗೆಯಲ್ಲಿ ಇರುವುದಿಷ್ಟು: ತಳ ಚೂಪಾದ ಗಾಜಿನ ನಳಿಕೆಗಳು, ಮೈಕ್ರೋಸಿರಿಂಜ್, ಡೈಥಿಝೋನ್ ಪುಡಿ (ಪಾದರಸ ಹಿಡಿದರೆ ಹಸಿರಿನಿಂದ ಕಿತ್ತಳೆ-ಹಳದಿಗೆ ತಿರುಗುವ ರಾಸಾಯನಿಕ), ಕ್ಲೋರೋಫಾರ್ಮ್, ಎಥೆನಾಲ್, ಸಲ್ಫ್ಯೂರಿಕ್ ಆಮ್ಲ. ನಳಿಕೆಯನ್ನು ಜೋರಾಗಿ ತಿರುಗಿಸಿ ದ್ರವಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಮಾತ್ರ ನಿಮ್ಮದೇ ಆಗಬೇಕು.

ಕೆಲಸ ಸರಳ. ಆಮ್ಲ ಬೆರೆಸಿದ 10 ಮಿಲಿ ನೀರಿಗೆ, ಡೈಥಿಝೋನ್ ಕರಗಿಸಿದ ಕ್ಲೋರೋಫಾರ್ಮನ್ನು 1 ಮಿಲಿ ಎಥೆನಾಲಿನ ಜೊತೆ ಸಿರಿಂಜಿನಿಂದ ಒಂದೇ ಸಲಕ್ಕೆ ರಭಸವಾಗಿ ಚುಚ್ಚಬೇಕು. ನೀರು ಮಜ್ಜಿಗೆಯಂತೆ ಕದಡುತ್ತದೆ. 4000 ಆರ್‌ಪಿಎಂನಲ್ಲಿ 5 ನಿಮಿಷ ತಿರುಗಿಸಿದರೆ ತಳದಲ್ಲಿ ಕ್ಲೋರೋಫಾರ್ಮಿನ ಒಂದು ಹನಿ ಕೂರುತ್ತದೆ. ಹಸಿರಾಗಿಯೇ ಉಳಿದರೆ ಪಾದರಸ ಸಿಕ್ಕಿಲ್ಲ, ಕಿತ್ತಳೆ-ಹಳದಿಗೆ ತಿರುಗಿದರೆ ಅನುಮಾನಿಸಬೇಕು.

ಕೈಪಿಡಿ ಹೇಳುವ 100 ಮೈಕ್ರೋಲೀಟರ್ ಕ್ಲೋರೋಫಾರ್ಮ್ ಸಾಲದು. ಲೀಟರ್ ನೀರಿನಲ್ಲಿ ಅದು ಸುಮಾರು 8 ಗ್ರಾಂ ಕರಗುವುದರಿಂದ ಅರ್ಧಕ್ಕೂ ಹೆಚ್ಚು ನೀರಿನಲ್ಲೇ ಮಾಯವಾಗುತ್ತದೆ, ಎಥೆನಾಲ್ ಸೇರಿದರೆ ಇನ್ನೂ ಹೆಚ್ಚು. 150 ಹಾಕಿ. ಹನಿ ಬೇಗ ಕೂರಲೆಂದು ಉಪ್ಪು ಸೇರಿಸಲು ಹೋಗಬೇಡಿ, ಕ್ಲೋರೈಡ್ ಪಾದರಸವನ್ನು ನೀರಿನಲ್ಲೇ ಹಿಡಿದಿಡುತ್ತದೆ.

ನಿಜವಾದ ತೊಡಕು ನಮ್ಮ ನೀರಿನದು. ಜಂಬಿಟ್ಟಿಗೆ ನೆಲದ ಬಾವಿಗಳಲ್ಲಿ ಕಬ್ಬಿಣ ಇರುತ್ತದೆ. ಫೆರಿಕ್ ಕಬ್ಬಿಣ ಡೈಥಿಝೋನನ್ನೇ ಉತ್ಕರ್ಷಿಸಿ ಹಳದಿ ಮಾಡುತ್ತದೆ. ಪಾದರಸ ಎಳ್ಳಷ್ಟೂ ಇಲ್ಲದಿದ್ದರೂ ಹನಿ ಹಳದಿ! ಮೊದಲೇ ಸ್ವಲ್ಪ ಹೈಡ್ರಾಕ್ಸಿಲಮೈನ್ ಹೈಡ್ರೋಕ್ಲೋರೈಡ್ ಹಾಕಿದರೆ ಇದು ತಗ್ಗುತ್ತದೆ. ಕೊಳೆರೋಗಕ್ಕೆ ಮೈಲುತುತ್ತದ ಬೋರ್ಡೋ ಹೊಡೆದ ಅಡಿಕೆ ತೋಟದ ಕೆಳಗಿನ ಹಳ್ಳದಲ್ಲಿ ತಾಮ್ರ ಇನ್ನೊಂದು ತಲೆನೋವು; ಹನಿಗೆ ಕೆನ್ನೇರಳೆ ಛಾಯೆ ಬಂದರೆ ಅದೇ. ಇವೆರಡರ ಬಗ್ಗೆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ.

ಅನುಮಾನ ಬಂದಾಗ ಹನಿಯನ್ನು ತೆಗೆದು, ತುಸು ಆಮ್ಲ ಸೇರಿದ ಪೊಟ್ಯಾಸಿಯಂ ಅಯೋಡೈಡ್ ದ್ರಾವಣದ ಕೆಲವೇ ತೊಟ್ಟುಗಳೊಂದಿಗೆ ಕುಲುಕಿ. ಪಾದರಸದ ಬಣ್ಣವಾಗಿದ್ದರೆ ಅಯೋಡೈಡ್ ಅದನ್ನು ಕಿತ್ತುಕೊಂಡು ಹನಿ ಮತ್ತೆ ಹಸಿರಾಗುತ್ತದೆ. ಹಳದಿಯೇ ಉಳಿದರೆ ಅದು ಕೆಟ್ಟ ಡೈಥಿಝೋನ್. ಪುಡಿಯ ದ್ರಾವಣ ಬೆಳಕಿಗೂ ಕೆಡುತ್ತದೆ, ಕಂದು ಬಾಟಲಿಯಲ್ಲಿಡಿ.

ಮಳೆಗಾಲದ ತುಂಗೆಯ ಕೆಂಪು ನೀರಿಗೆ ಈ ಕಿಟ್ ಸಾಲದು. ಎಲೆಗೊಬ್ಬರದ ಹ್ಯೂಮಿಕ್ ಆಮ್ಲಕ್ಕೆ ಅಂಟಿಕೊಂಡ ಪಾದರಸ ಹೊರಬರಲು ಪರ್ಮಾಂಗನೇಟ್ ಮತ್ತು ಪರ್‌ಸಲ್ಫೇಟ್ ಹಾಕಿ 95 ಡಿಗ್ರಿಯಲ್ಲಿ 2 ಗಂಟೆ ಕಾಯಿಸಬೇಕು; ಆ ರಾಸಾಯನಿಕಗಳು ಪೆಟ್ಟಿಗೆಯಲ್ಲಿಲ್ಲ. ಮಾದರಿಯನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ತಂದರೆ ಪಾದರಸ ಗೋಡೆಗೇ ಅಂಟುತ್ತದೆ, ಗಾಜೇ ಬೇಕು.

ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರಲ್ಲಿ ಪಾದರಸದ ಮಿತಿ ಲೀಟರಿಗೆ 0.001 ಮಿಗ್ರಾಂ. 10 ಮಿಲಿಯಲ್ಲಿ ಅದು ಬರೀ 10 ನ್ಯಾನೋಗ್ರಾಂ; ಉಳಿದ ಡೈಥಿಝೋನಿನ ಹಸಿರಿನ ನಡುವೆ ಬರಿಗಣ್ಣಿಗೆ ಕಾಣದು. ಕಾಲೇಜು ಪ್ರಾಜೆಕ್ಟಿಗೆ ಕೊಳ್ಳಬಹುದು. ಪಂಚಾಯಿತಿ ಬಾವಿಗೆ ‘ಪಾದರಸ ಇಲ್ಲ’ ಎಂದು ಬರೆದುಕೊಡಲು ಪಾದರಸವನ್ನು ಆವಿಯಾಗಿಸಿ ಅಳೆಯುವ ಕೋಲ್ಡ್ ವೇಪರ್ ಯಂತ್ರವಿರುವ ಲ್ಯಾಬಿಗೇ ಕಳಿಸಿ.