ಚಾಕು ಮಸೆಯುವ ಗೈಡೆಡ್ ಸೆಟ್: ಮೂರು ಮಳೆಗಾಲ ಬಳಸಿದ ಮೇಲೆ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಹಲಸಿನಕಾಯಿ ಶುರುವಾದರೆ ಎರಡು ತಿಂಗಳು ಕೊರೆಯುವುದೇ ಕೆಲಸ. ಸೋಂಟೆಗೆ, ಅಂದರೆ ಹಲಸಿನಕಾಯಿ ಚಿಪ್ಸಿಗೆ, ಸೊಳೆಯನ್ನು ಒಂದೇ ಅಗಲಕ್ಕೆ ಕೊರೆಯಬೇಕು. ಇಲ್ಲದಿದ್ದರೆ ಎಣ್ಣೆಯಲ್ಲಿ ಒಂದು ಕರಟುತ್ತದೆ, ಇನ್ನೊಂದು ಮೆತ್ತಗೆ ಉಳಿಯುತ್ತದೆ. ಮೊಂಡು ಚಾಕುವಿನಲ್ಲಿ ಅದು ಆಗುವ ಮಾತಲ್ಲ. ಒತ್ತಿ ಒತ್ತಿ ಅತ್ತೆಯವರ ಹೆಬ್ಬೆರಳಿನ ಬುಡ ಊದಿಕೊಳ್ಳುತ್ತಿತ್ತು.

ಮೊದಲು ಸಾಣೆ ಯಂತ್ರ ಹಿಡಿದು ಬರುವವರ ಹತ್ತಿರ ಕೊಡುತ್ತಿದ್ದೆವು. ಒಮ್ಮೆ ಕೊಟ್ಟ ಚಾಕು ವಾಪಸ್ ಬಂದಾಗ ಅಂಚು ನೀಲಿ ಬಣ್ಣಕ್ಕೆ ತಿರುಗಿತ್ತು. ಚಕ್ರ ಜೋರಾಗಿ ತಿರುಗುವಾಗ ಅಲಗು ಕಾಯುತ್ತದೆ. ಹಾಗೆ ನೀಲಿಯಾದ ಕಡೆ ಉಕ್ಕಿನ ಗಟ್ಟಿತನ ಹೋಗಿರುತ್ತದೆ. ಅಂಥ ಅಂಚು ನಾಲ್ಕು ದಿನ ಹರಿತ ಇರುತ್ತದೆ, ಮತ್ತೆ ಮೊಂಡು. ಅಷ್ಟೇ ಅಲ್ಲ, ಎರಡು ವರ್ಷದಲ್ಲಿ ಆ ಚಾಕುವಿನ ಅಗಲ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಆಮೇಲೆ ನಾನು ಬರೀ ಕಲ್ಲಿನ ಮೇಲೆ ಕೈಯಲ್ಲೇ ಮಸೆಯಲು ನೋಡಿದೆ. ಚಾಕುವನ್ನು ಕೊನೆಯವರೆಗೆ ಒಂದೇ ಓರೆಯಲ್ಲಿ ಹಿಡಿಯಲು ನನಗೆ ಬರಲಿಲ್ಲ. ಅಂಚು ದುಂಡಗಾಯಿತು.

ಗೈಡೆಡ್ ಸೆಟ್ ತರಿಸಿದ್ದು ಈ ಕಾರಣಕ್ಕೆ. ಚಾಕುವನ್ನು ಕ್ಲಾಂಪಿನಲ್ಲಿ ಬಿಗಿಯುತ್ತೇವೆ. ಕಲ್ಲು ಒಂದು ಸರಳಿನ ತುದಿಯಲ್ಲಿ ಕೂತಿರುತ್ತದೆ. ಆ ಸರಳು ಒಂದು ಕಂಬದ ಮೇಲಿನ ತೂತಿನಲ್ಲಿ ಹಿಂದೆ ಮುಂದೆ ಜಾರುತ್ತದೆ. ಕಂಬದಲ್ಲಿ ತೂತನ್ನು ಮೇಲೆ ಮಾಡಿದರೆ ಕೋನ ಜಾಸ್ತಿ, ಕೆಳಗೆ ಮಾಡಿದರೆ ಕಡಿಮೆ. ಕೋನ ಹಿಡಿಯುವ ಕೆಲಸ ನಮ್ಮ ಕೈದಲ್ಲ, ಸರಳಿನದ್ದು. ಅಮೆರಿಕದ ಎಡ್ಜ್ ಪ್ರೊ ಈ ಕಂಬ-ಸರಳಿನ ಮಾದರಿಗೆ ಹೆಸರಾದದ್ದು. ಅದನ್ನು ನೋಡಿ ಮಾಡಿದ ಸೆಟ್‌ಗಳು ಹತ್ತಾರು ಹೆಸರಲ್ಲಿ ಸಿಗುತ್ತವೆ. ನನ್ನದು ಅಂಥದ್ದೇ ಒಂದು, 2,600 ರೂಪಾಯಿಗೆ ಬಂತು. ಲ್ಯಾನ್ಸ್ಕಿ ಸೆಟ್‌ನಲ್ಲಿ ಕಂಬದ ಬದಲು ಕ್ಲಾಂಪಿನಲ್ಲೇ ನಾಲ್ಕು ತೂತು: 17, 20, 25, 30 ಡಿಗ್ರಿ. ವರ್ಕ್ ಶಾರ್ಪ್‌ನವರ ಪ್ರಿಸಿಷನ್ ಅಡ್ಜಸ್ಟ್‌ನಲ್ಲಿ 15ರಿಂದ 30 ಡಿಗ್ರಿಯವರೆಗೆ ತಿರುಗಿಸಿ ಇಡಬಹುದು.

ಕೊಳ್ಳುವಾಗ ಎಲ್ಲರೂ ಕಲ್ಲು ಎಷ್ಟು ಕೊಡುತ್ತಾರೆ ಅಂತ ಎಣಿಸುತ್ತಾರೆ. ನಾನೂ ಹಾಗೇ ಮಾಡಿದೆ. ಈಗ ಯಾರಾದರೂ ಕೇಳಿದರೆ ಮೊದಲು ಹೇಳುವುದು ಇದು: ಕ್ಲಾಂಪ್ ನೋಡಿ. ಕಲ್ಲು ಸವೆದರೆ ಬೇರೆ ಹಾಕಬಹುದು. ಕ್ಲಾಂಪ್ ನಿಮ್ಮ ಮನೆಯ ಚಾಕುವನ್ನು ಸರಿಯಾಗಿ ಹಿಡಿಯದಿದ್ದರೆ ಉಳಿದದ್ದೆಲ್ಲ ದಂಡ.

ಮನೆಯಲ್ಲಿ ಏನೇನಿದೆ ಅಂತ ಒಮ್ಮೆ ಮೇಜಿನ ಮೇಲೆ ಇಟ್ಟು ನೋಡಿ. ನಮ್ಮಲ್ಲಿ ತರಕಾರಿಯ ಎರಡು ಸ್ಟೀಲ್ ಚಾಕು, ಅತ್ತೆಯವರ ಪೀಶಕತ್ತಿ (ಸಣ್ಣ ಚಾಕು), ಮೆಟ್ಟುಕತ್ತಿ (ಈಳಿಗೆಮಣೆ), ತೋಟದ ಕತ್ತಿ ಎರಡು. ಇದರಲ್ಲಿ ಮೊದಲ ಮೂರು ಮಾತ್ರ ಕ್ಲಾಂಪಿಗೆ ಕೂರುತ್ತವೆ. ತೋಟದ ಕತ್ತಿಯ ಬೆನ್ನು ದಪ್ಪ, ಅಲಗು ಬಾಗಿದೆ, ಕ್ಲಾಂಪಿನ ಬಾಯಿಗೆ ಅದು ಹೋಗುವುದೇ ಇಲ್ಲ. ಮೆಟ್ಟುಕತ್ತಿಯಂತೂ ಹಲಗೆಗೆ ಕೂರಿಸಿದ್ದು. ಅವೆರಡೂ ಈಗಲೂ ಆಚಾರಿಯವರ ಹತ್ತಿರವೇ ಹೋಗುತ್ತವೆ, ಹೋಗಬೇಕು ಕೂಡ. ತೋಟದ ಕತ್ತಿಗೋಸ್ಕರ ಈ ಸೆಟ್ ತಗೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಬೇಡ.

ಅಗ್ಗದ ಸ್ಟೀಲ್ ಚಾಕುವಿಗೆ ಬೇರೆ ತೊಂದರೆ. ಅಲಗು ತೆಳು. ಕ್ಲಾಂಪಿನಿಂದ ದೂರ ಹೋದಷ್ಟೂ ಕಲ್ಲಿನ ಭಾರಕ್ಕೆ ಅದು ಬಗ್ಗುತ್ತದೆ. ಒತ್ತಬಾರದು, ಕಲ್ಲಿನ ತೂಕವೇ ಸಾಕು. ಉದ್ದ ಇದ್ದರೆ ಎರಡು ಕಡೆ ಬಿಗಿದು ಎರಡು ಸಲ ಮಾಡಬೇಕು.

ಕೋನದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಇಲ್ಲೇ ಆರು ತಿಂಗಳು ಎಡವಿದ್ದೆ. ಕಂಬದ ಮೇಲೆ 20 ಅಂತ ಬರೆದಿದೆ ಅಂತ ನಂಬಿ ಮಸೆಯುತ್ತಿದ್ದೆ. ಆ ಗುರುತು ಒಂದು ಅಂದಾಜು ಅಷ್ಟೇ. ತೂತು ಅಲಗಿಗಿಂತ 6 ಸೆಂಟಿಮೀಟರ್ ಎತ್ತರದಲ್ಲಿದೆ, ಅಂಚು ಕಂಬದಿಂದ 16 ಸೆಂಟಿಮೀಟರ್ ದೂರದಲ್ಲಿದೆ ಅಂತ ಇಟ್ಟುಕೊಳ್ಳಿ. ಕೋನ ಹೆಚ್ಚುಕಡಿಮೆ 20 ಡಿಗ್ರಿ ಬರುತ್ತದೆ. ಅದೇ ಎತ್ತರದಲ್ಲಿ 2 ಸೆಂಟಿಮೀಟರ್ ಅಗಲ ಜಾಸ್ತಿ ಇರುವ ಚಾಕು ಇಟ್ಟರೆ ಅಂಚು ಆಚೆ ಹೋಗುತ್ತದೆ, ಕೋನ 18ಕ್ಕೆ ಇಳಿಯುತ್ತದೆ. ಅಂದರೆ ಪೀಶಕತ್ತಿಗೂ ಅಗಲದ ಚಾಕುವಿಗೂ ಒಂದೇ ಗುರುತು ನಡೆಯುವುದಿಲ್ಲ. ಬೇರೆ ದಪ್ಪದ ಕಲ್ಲು ಹಾಕಿದರೂ ಸ್ವಲ್ಪ ವ್ಯತ್ಯಾಸ ಆಗುತ್ತದೆ.

ಇದಕ್ಕೆ ಮಾರ್ಕರ್ ಪೆನ್ನು ಒಳ್ಳೆಯ ದಾರಿ. ಅಂಚಿನ ಓರೆಗೆ ಮಾರ್ಕರ್ ಬಳಿದು ಕಲ್ಲನ್ನು ಎರಡು ಸಲ ಮೆಲ್ಲ ಎಳೆಯಿರಿ. ಬಣ್ಣ ಮೇಲ್ಭಾಗದಲ್ಲಿ ಮಾತ್ರ ಹೋದರೆ ಕೋನ ಕಡಿಮೆ ಆಗಿದೆ. ತುದಿಯಲ್ಲಿ ಮಾತ್ರ ಹೋದರೆ ಜಾಸ್ತಿ. ಪೂರ್ತಿ ಹೋದರೆ ಸರಿ. ನಾನು ಮೂರೂ ಚಾಕುಗಳ ಕಂಬದ ಎತ್ತರ, ಕ್ಲಾಂಪ್ ಹಿಡಿಯುವ ಜಾಗ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಪ್ರತಿ ಸಲ ಅದೇ ಲೆಕ್ಕಕ್ಕೆ ಕೂರಿಸುತ್ತೇನೆ. ಅಲಗು ನೇರ ಇರುವಷ್ಟು ದೂರ ಕೋನ ಬದಲಾಗುವುದಿಲ್ಲ, ತುದಿಯ ಹತ್ತಿರ ಬಾಗುವಲ್ಲಿ ಬದಲಾಗುತ್ತದೆ. ಹಾಗಾಗಿ ಕ್ಲಾಂಪನ್ನು ಸ್ವಲ್ಪ ತುದಿಯ ಕಡೆಗೆ ಸರಿಸಿ ಹಿಡಿಯುವುದು ನನಗೆ ಹೊಂದಿದೆ.

ಹರಿತ ಆಯಿತು ಅಂತ ತಿಳಿಯುವುದು ಹೇಗೆ? ಒಂದು ಬದಿ ಮಸೆದಾಗ ಇನ್ನೊಂದು ಬದಿಗೆ ಲೋಹದ ಸಣ್ಣ ಎಳೆ ಮಡಚಿ ಏಳುತ್ತದೆ. ಬರ್ ಅನ್ನುತ್ತಾರೆ. ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಹಗುರವಾಗಿ ಜಾರಿಸಿದರೆ ತಡೆಯುತ್ತದೆ. ಹಿಡಿಯಿಂದ ತುದಿಯವರೆಗೆ ಎಲ್ಲ ಕಡೆ ಅದು ಸಿಗುವ ತನಕ ಕಲ್ಲು ಬದಲಿಸಬಾರದು. ಮೊದಲ ಸಲ ಒಂದೊಂದು ಚಾಕುವಿಗೆ 40 ನಿಮಿಷ ಹಿಡಿಯಿತು. ಈಗ 10 ನಿಮಿಷ, ಅದೂ ಎರಡು ಮೂರು ತಿಂಗಳಿಗೊಮ್ಮೆ.

ಸೆಟ್ ಜೊತೆ ಬಂದ ಕಲ್ಲುಗಳು ಬೇಸರ ತಂದವು. ಮೊದಲ ಮಳೆಗಾಲದಲ್ಲೇ ಎರಡು ಕಲ್ಲು ಅಲ್ಯೂಮಿನಿಯಂ ಪಟ್ಟಿಯಿಂದ ಕಿತ್ತು ಬಂದವು. ಮಾರಿದವರಿಗೆ ಬರೆದರೆ ಉತ್ತರವೇ ಇಲ್ಲ. ಆಮೇಲೆ 400 ಮತ್ತು 1000 ಗ್ರಿಟ್‌ನ (ಸಂಖ್ಯೆ ಹೆಚ್ಚಾದಷ್ಟೂ ಕಲ್ಲು ನಯ) ಡೈಮಂಡ್ ಪಟ್ಟಿ ತರಿಸಿದೆ. ಎಣ್ಣೆ ಬೇಡ, ಸ್ವಲ್ಪ ನೀರು ಸಾಕು, ಮಧ್ಯದಲ್ಲಿ ಗುಂಡಿಯೂ ಬೀಳುವುದಿಲ್ಲ. 3000 ಗ್ರಿಟ್‌ನ ಕಲ್ಲೂ ಇದೆ, ಆದರೆ ಅಡುಗೆಮನೆಗೆ ಅದರ ಅಗತ್ಯ ನನಗೆ ಕಂಡಿಲ್ಲ. ತೀರಾ ನುಣುಪಾದ ಅಂಚು ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ. ಮೆತ್ತಗಿನ ಸ್ಟೀಲ್ ಚಾಕುವಿಗೆ 1000ದಲ್ಲೇ ನಿಲ್ಲಿಸುವುದು ಒಳ್ಳೆಯದು.

ಕೊನೆಗೆ ಬರ್ ತೆಗೆಯಲು ಚರ್ಮದ ಪಟ್ಟಿ, ಹಸಿರು ಪೇಸ್ಟ್ ಅಂತ ಮಾರುತ್ತಾರೆ. ಇದನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮೂರಿನ ಮೂರ್ತೆಯವರು. ಕಳ್ಳು ತೆಗೆಯುವ ಕತ್ತಿಯನ್ನು ಅವರು ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ನಯ ಹುಡಿ ಹಾಕಿ ಮಸೆಯುತ್ತಾರೆ. ಕೆಲಸ ಅದೇ ಅಲ್ವಾ? ಗಟ್ಟಿ ಕಲ್ಲಿನ ಬದಲು ಸ್ವಲ್ಪ ಮೆದು ಹಾಸು, ಅದರ ಮೇಲೆ ನಯವಾದ ಹುಡಿ. ನಾನು ಹಳೆಯ ಬೆಲ್ಟಿನ ಚರ್ಮವನ್ನು ಹಲಗೆಗೆ ಅಂಟಿಸಿ, ಹಸಿರು ಪೇಸ್ಟ್ ಮಾತ್ರ ಕೊಂಡೆ. ವಾರಕ್ಕೊಮ್ಮೆ ಅದರ ಮೇಲೆ ಹತ್ತು ಸಲ ಹಿಮ್ಮುಖವಾಗಿ ಎಳೆದರೆ ಚಾಕು ಮತ್ತೆ ಚುರುಕಾಗುತ್ತದೆ.

ನಮ್ಮ ಕಡೆಯವರಿಗೆ ಎರಡು ಮಾತು. ಅಡಿಯಲ್ಲಿರುವ ರಬ್ಬರ್ ಹೀರುಬಟ್ಟಲು ಟೈಲ್ಸ್ ಮೇಲೆ ನಿಲ್ಲುತ್ತದೆ, ಮರದ ಮೇಜಿನ ಮೇಲೆ ನಿಲ್ಲುವುದಿಲ್ಲ. ನಾನು ಹಲಸಿನ ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದ್ದೇನೆ. ಇನ್ನು ಜೂನ್ ಬಂದರೆ ಕ್ಲಾಂಪಿನ ಸ್ಕ್ರೂಗಳಿಗೆ ತುಕ್ಕು. ತೆಂಗಿನೆಣ್ಣೆ ಹಚ್ಚಿದೆ, ಕೆಲವು ವಾರದಲ್ಲಿ ಅಂಟಂಟಾಯಿತು. ಹೊಲಿಗೆ ಯಂತ್ರದ ಎಣ್ಣೆ ಚೆನ್ನಾಗಿ ನಡೆಯುತ್ತದೆ.

ಮೊನ್ನೆ ಪಕ್ಕದ ಮನೆಯ ಉಪನಯನಕ್ಕೆ ಹಿಂದಿನ ದಿನ ತರಕಾರಿ ಕೊರೆಯಲು ಎಲ್ಲರೂ ಸೇರಿದ್ದೆವು. ಅತ್ತೆ ಅವರ ಪೀಶಕತ್ತಿಯನ್ನೇ ಹಿಡಿದುಕೊಂಡು ಬಂದಿದ್ದರು. ಎರಡು ಗಂಟೆ ಕೊರೆದ ಮೇಲೆ ಪಕ್ಕದಲ್ಲಿದ್ದವರಿಗೆ ಹೇಳಿದರು: "ಇದರಲ್ಲಿ ಕೊರದರೆ ಕೈ ಬೇನೆ ಆವುತ್ತಿಲ್ಲೆ." ಮೊದಲ ಸಲ ಮಸೆದ ದಿನ ಆ ಪೀಶಕತ್ತಿಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದಿದ್ದೆ. ಇದನ್ನು ಬರೆಯುವ ಮೊದಲು ಮತ್ತೆ ಅದರ ಮೇಲೆ ಇಟ್ಟು ನೋಡಿದೆ. ಮೂರು ವರ್ಷ ಕಳೆದರೂ ಅಂಚು ಇನ್ನೂ ಗೆರೆಗೆ ತಾಗಿಕೊಂಡೇ ಇದೆ.